‘ಸತೀ ಸುಲೋಚನಾ’ ವಾಕ್ಚಿತ್ರದ ರಸವಿಚಾರ

ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತೀ ಸುಲೋಚನಾ’ವು 1934ನೆಯ ಮಾರ್ಚಿ ತಿಂಗಳ 3ನೆಯ ತಾರೀಖು ಬೆಂಗಳೂರಿನಲ್ಲಿ ತೆರೆಕಂಡಿತು. ನಿರ್ದೇಶಕರು ವೈ. ವಿ. ರಾವ್, ಸಂಭಾಷಣೆಯನ್ನೂ ಹಾಡುಗಳನ್ನೂ ರಚಿಸಿದವರು ನಾಟಕಕರ್ತರಾದ ಬೆಳ್ಳಾವೆ ನರಹರಿಶಾಸ್ತ್ರಿಗಳು. ಇಂದ್ರಜಿತುವಿನ ಪಾತ್ರದ ಸುಬ್ಬಯ್ಯನಾಯುಡು, ರಾವಣಪಾತ್ರದ ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯವರೇ. ಶೋಕವನ್ನು ಹಾಡಿನಿಂದ ವ್ಯಕ್ತಪಡಿಸುವ ಪದ್ಧತಿಯು ನಾಟಕಶಾಲೆಯಿಂದಲೇ ತೆರೆಗೆ ಬಂದಿತು.

ಇದರಲ್ಲಿ ಪತಿವಿಯೋಗವಿರುವುದರಿಂದ ರಸವು ವಿಪ್ರಲಂಭವೆಂದರೆ ಸಲ್ಲದು. ಪುನಸ್ಸಮಾಗಮದ ಅಪೇಕ್ಷೆಯುಳ್ಳದ್ದು ವಿಪ್ರಲಂಭ, ಅದಿಲ್ಲದ್ದು ಕರುಣ ಎಂಬುದು ಭರತಮುನಿಯ ವಿಭಾಗ. ಇಂದ್ರಜಿತು ಹತನಾದ ಮೇಲೆ ಸುಲೋಚನೆಯ ಶೋಕವು ಕರುಣವೇ.

ಆದರೆ ಈ ನಿರ್ಣಯಕ್ಕೆ ಕಥೆಯೊಂದೇ ಆಧಾರ. ಚಿತ್ರದ ಪ್ರತಿಯು ಇಂದು ಉಪಲಬ್ಧವಿಲ್ಲ. ಹಾಡುಗಳು ಶೋಕವನ್ನು ರಸಪದವಿಗೇರಿಸಿದವೋ, ಬರಿಯ ಗಾನವಿನೋದವಾಗಿ ನಿಂತವೋ ಎಂಬುದನ್ನು ಕಂಡು ಕೇಳಿಯೇ ನಿಶ್ಚಯಿಸಬೇಕು. ಎಲ್ಲಿಯಾದರೂ ಒಂದು ಪ್ರತಿಯು ದೊರೆತೀತೆಂಬ ಅಪೇಕ್ಷೆಯಿರುವವರೆಗೆ ನಮ್ಮ ದುಃಖವು ವಿಪ್ರಲಂಭವೇ ಹೊರತು ಕರುಣವಲ್ಲ.