ಕೋವಿಡ್ ಕಾಲದ ಲೈಂಗಿಕ ಕಾರ್ಯಕರ್ತೆಯರು (ಭಾರತ)

2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾಗುತ್ತಲೇ ಕೋಲ್ಕತ್ತದ ಸೋನಾಗಾಚಿ, ಮುಂಬಯಿಯ ಕಾಮಾಟಿಪುರದಂಥ ಲೈಂಗಿಕ ಕಾರ್ಯಕರ್ತೆಯರ ಕೇರಿಗಳಲ್ಲಿ ದುಡಿಮೆ ನಿಂತಿತು. ದೈಹಿಕ ಅಂತರದ ನಿಯಮಕ್ಕೆ ಒಗ್ಗದ ಕಸುಬು ಇದು. ಒಂದೇ ಕೋಣೆಯಲ್ಲಿ ಹಲವರು ಬಾಳುವ ಕಡೆ ಪ್ರತ್ಯೇಕವಾಸವೂ ಬರೀ ಮಾತು. ಬಹುಪಾಲು ಮಂದಿಯನ್ನು ಸೋಂಕಿಗಿಂತ ಮೊದಲು ಕಾಡಿದ್ದು ಹಸಿವು ಮತ್ತು ಕೋಣೆ ಬಾಡಿಗೆ.

ಸರ್ಕಾರಿ ಪಡಿತರ ಸಿಗಲು ರೇಷನ್ ಕಾರ್ಡ್ ಬೇಕು, ಕಾರ್ಡಿಗೆ ವಿಳಾಸ ಬೇಕು. ವಿಳಾಸ ಹೇಳಿದರೆ ಕಸುಬು ಬಯಲಾಗುತ್ತದೆ. ಕೋಲ್ಕತ್ತದ ಕೊಲೆ ಪ್ರಕರಣವೊಂದರಿಂದ ಬೆಳೆದ ಹಳೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಗಂಟನ್ನು ಬಿಡಿಸಿತು: ಗುರುತಿನ ಪುರಾವೆಗೆ ಪಟ್ಟು ಹಿಡಿಯದೆ ಒಣ ಪಡಿತರ ಕೊಡಿ ಎಂದು 2020ರ ಸೆಪ್ಟೆಂಬರ್ 29ರಂದು ರಾಜ್ಯಗಳಿಗೆ ಆದೇಶಿಸಿತು. ಫಲಾನುಭವಿಗಳನ್ನು ಗುರುತಿಸುವ ಹೊಣೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹಾಗೂ ಕಾನೂನು ಸೇವಾ ಪ್ರಾಧಿಕಾರಗಳದು. ಎಚ್‌ಐವಿ ತಡೆಗೆಂದು ಕಟ್ಟಿದ ಜಾಲ ಅಕ್ಕಿ-ಬೇಳೆ ಹಂಚಿಕೆಗೆ ಒದಗಿದ್ದು ಗಮನಾರ್ಹ. ಮಹಾರಾಷ್ಟ್ರ ಆ ವರ್ಷದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 5,000 ರೂಪಾಯಿ ನೆರವು ಘೋಷಿಸಿತು. ಒಟ್ಟಿನಲ್ಲಿ ಇವು ಆರೋಗ್ಯ ಕ್ರಮಗಳೆನ್ನುವುದಕ್ಕಿಂತ ಹೊಟ್ಟೆಪಾಡಿನ ಕ್ರಮಗಳು; ಅದೂ ತಡವಾಗಿ ಬಂದವು.

ಅದೇ ಮೊಕದ್ದಮೆಯಲ್ಲಿ, 2022ರ ಮೇ 19ರಂದು, ವಾಸದ ದಾಖಲೆ ಇಲ್ಲದಿದ್ದರೂ ಏಡ್ಸ್ ನಿಯಂತ್ರಣ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ನೀಡಬೇಕು, ಕಾರ್ಡಿನಲ್ಲಿ ಕಸುಬಿನ ಸುಳಿವು ಇರಕೂಡದು ಎಂದು ನ್ಯಾಯಾಲಯ ನಿರ್ದೇಶಿಸಿತು.