ಗಾಳ ಹಾಕೋ ಟ್ರಿಪ್: ಹೊರಡೋ ಮುಂಚೆ ಒಂದು ಹಳೇ ಲೆಕ್ಕ

ಭಾಗ 1

ಸೆಮ್ ಎಕ್ಸಾಮ್ ಮುಗಿದ ಮೇಲೆ ಮೀನು ಹಿಡಿಯೋಕೆ ಹೋಗೋಣ, ನದಿ ಕೆರೆ ಎಲ್ಲಾ ಸುತ್ತೋಣ ಅಂತ ಗ್ರೂಪಲ್ಲಿ ಪ್ಲಾನ್ ನಡೀತಿದೆ ಅಲ್ವಾ? ಮ್ಯಾಪ್ ಮೇಲೆ ಪಿನ್ ಹಾಕ್ತಿರೋರು ಮೊದಲು ಇದನ್ನ ಓದಿ. ಓದಿದ ಮೇಲೆ ಒಂದೆರಡು ಪಿನ್ ನೀವೇ ತೆಗೀತೀರ.

ಗಾಳ ಹಾಕೋದು ಬ್ರಿಟಿಷರು ಕಲಿಸಿದ ಶೋಕಿ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಅಲ್ಲ. ಇವತ್ತಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, 1130ರ ಆಸುಪಾಸಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಅನ್ನೋ ಗ್ರಂಥ ಮಾಡಿದ. ಅದರಲ್ಲಿ ಮತ್ಸ್ಯವಿನೋದ ಅಂತಾನೇ ಒಂದು ಭಾಗ ಇದೆ. ಯಾವ ಮೀನು ಎಲ್ಲಿರುತ್ತೆ, ಯಾವುದಕ್ಕೆ ಯಾವ ತಿಂಡಿ ಇಷ್ಟ, ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಎಲ್ಲಾ. ಒಬ್ಬ ರಾಜ ಕೂತ್ಕೊಂಡು ಮೀನಿನ ತಿಂಡಿ ಬಗ್ಗೆ ಬರೆದಿದ್ದಾನೆ ಗುರು!

ಬ್ರಿಟಿಷರಲ್ಲಿ ಹೇಳಲೇಬೇಕಾದ ಹೆಸರು ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಪುಸ್ತಕ ತಂದ. ಅದಕ್ಕೂ ಮುಂಚೆ ಸರ್ಕಾರಕ್ಕೆ ವರದಿ ಕೊಟ್ಟು, ನದಿಗೆ ವಿಷ ಹಾಕೋದು, ಮರಿಮೀನುಗಳನ್ನೇ ಬಾಚೋದು ನಿಲ್ಲಬೇಕು ಅಂತ ವಾದ ಮಾಡಿದ್ದ. ವಿಷ ಮತ್ತು ಸಿಡಿಮದ್ದು ಹಾಕಿ ಮೀನು ಹಿಡಿಯೋದು ಅಪರಾಧ ಅಂತ ಕಾನೂನು ಬಂದಿದ್ದು 1897ರಲ್ಲಿ. ಅದಾಗಿ 99 ವರ್ಷಕ್ಕೆ, 1996ರಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ದೇವರ ಮೀನುಗಳಿಗೆ ಯಾರೋ ವಿಷ ಹಾಕಿದ್ರು. ಸಾವಿರಾರು ಮೀನು ಸತ್ತವು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕ ಇದೆ. ಹೋದ್ರೆ ನೋಡಿ.

ಭಾಗ 2

ಈಗ ಅಸಲು ವಿಷಯ. ನೀವೆಲ್ಲ ರೀಲ್ಸ್‌ನಲ್ಲಿ ನೋಡಿ ಬಾಯಿ ಬಿಟ್ಟ ಆ ದೊಡ್ಡ ಮೀನು, ಮಹಶೀರ್. ಕಾವೇರಿ ಕಡೆ ಬಿಳಿಮೀನು ಅಂತಾರೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ಗೊತ್ತಲ್ವಾ, ಹುಲಿ ಚಿರತೆಗಳ ಚರ್ಮಕ್ಕೆ ಜೀವ ಇದ್ದ ಹಾಗೆ ರೂಪ ಕೊಡ್ತಿದ್ದವರು? ಆ ಮನೆಯ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ್ದು ಹಿಡಿದ. ಅಂದ್ರೆ ಹತ್ತಿರ ಹತ್ತಿರ 54 ಕೆಜಿ. ನಮ್ಮ ಕ್ಲಾಸಲ್ಲಿ ಅರ್ಧ ಜನ ಅಷ್ಟಿಲ್ಲ.

ಆಮೇಲೆ ಈ ಮೀನನ್ನ ಹೊರಗಿನ ಜಗತ್ತು ಮರೆತೇಬಿಟ್ಟಿತ್ತು. 1977ರಲ್ಲಿ ಮೂವರು ಬ್ರಿಟಿಷ್ ಹುಡುಗರು ಹುಡುಕಿಕೊಂಡು ಬಂದ್ರು. ದೊಡ್ಡ ದೊಡ್ಡ ಮೀನು ಸಿಕ್ಕವು. ಸುದ್ದಿ ಹರಡಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಕ್ಯಾಂಪ್‌ಗಳು ಶುರುವಾದವು. ಹಿಡಿ, ತೂಕ ನೋಡು, ಫೋಟೋ ತೆಗಿ, ವಾಪಸ್ ಬಿಡು, ಇದು ನಿಯಮ. ಹಿಂದೆ ಬಲೆ, ಸಿಡಿಮದ್ದು ಹಿಡಿದಿದ್ದ ಊರವರೇ ಗೈಡ್‌ಗಳಾದ್ರು, ಹರಿಗೋಲು ನಡೆಸಿದ್ರು. ಗಾಳಕ್ಕೆ ಏನು ಹಾಕ್ತಿದ್ರು ಹೇಳಿ? ರಾಗಿ ಹಿಟ್ಟಿನ ಉಂಡೆ. ಸಾವಿರಾರು ರೂಪಾಯಿ ರಾಡ್ ಹಿಡಿದು ಬಂದ ವಿದೇಶಿಯರು ಕೊನೆಗೆ ನಂಬಿದ್ದು ನಮ್ಮ ಮುದ್ದೆನ!

ಭಾಗ 3

ಬಿಕಾಂನವರು ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಗಾಳಿಬೋರೆ ಕ್ಯಾಂಪಲ್ಲಿ ಹಿಡಿದ ಮೀನುಗಳ ರಿಜಿಸ್ಟರ್ ಇಡ್ತಿದ್ರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನ ಸಂಶೋಧಕರು ತೆಗೆದು ನೋಡಿದ್ರು. ಒಟ್ಟು ಲೆಕ್ಕ ಚೆನ್ನಾಗೇ ಇತ್ತು, ಸಿಗ್ತಿದ್ದ ಮೀನು ವರ್ಷ ವರ್ಷಕ್ಕೆ ಜಾಸ್ತಿ. ನಾವಾಗಿದ್ರೆ ಲಾಭ ಅಂತ ಬರೆದು ಪುಸ್ತಕ ಮುಚ್ತಿದ್ವಿ. ಅವರು ಐಟಂ ಬಿಡಿಸಿ ನೋಡಿದ್ರು. ಏರ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿದಲ್ಲ. 1970ರ ದಶಕದಿಂದ ಲೋನಾವಳದ ಹ್ಯಾಚರಿಯಲ್ಲಿ ಮರಿ ಮಾಡಿಸಿ, ‘ಮಹಶೀರ್ ಉಳಿಸೋಣ’ ಅಂತ ಬೇರೆ ಬೇರೆ ನದಿಗಳಿಗೆ ಕೊಟ್ಟ ಮೀನು. ಕಾವೇರಿಗೂ ಬಿಟ್ರು. ಇಲ್ಲಿಯದೇ ಆದ ಗೂನುಬೆನ್ನಿನ ಮಹಶೀರ್ ಮಾತ್ರ ಕಡಿಮೆ ಆಗ್ತಾ ಹೋಗಿತ್ತು. ಸಿಕ್ಕಿದ ಒಂದೊಂದರ ಸೈಜ್ ಮಾತ್ರ ದೊಡ್ಡದಾಗ್ತಾ ಇತ್ತು.

ಸೈಜ್ ಏರಿದ್ರೆ ಒಳ್ಳೇದಲ್ವಾ? ಇಲ್ಲ. ಮರಿಗಳು ಬರ್ತಿರಲಿಲ್ಲ. ಉಳಿದಿದ್ದು ಮುದುಕ ಮೀನುಗಳು, ಅದಕ್ಕೇ ಸರಾಸರಿ ತೂಕ ಏರಿತ್ತು. ಸರಾಸರಿ ಹೇಗೆ ಮೋಸ ಮಾಡುತ್ತೆ ಅಂತ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಟ್ಟಿಲ್ಲ.

ಇನ್ನೂ ಬೇಜಾರು ಏನಂದ್ರೆ, ಇಷ್ಟು ಫೇಮಸ್ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2011ರಲ್ಲಿ ಕೇರಳದ ಪಾಂಬಾರ್ ನದಿಯ ಒಂದು ಮಹಶೀರ್‌ಗೆ, ಮೀನು ವಿಜ್ಞಾನಿ ರೆಮಾದೇವಿ ಅವರ ಗೌರವಕ್ಕೆ, ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ರು. ಪಾಂಬಾರ್ ಕೂಡ ಕೊನೆಗೆ ಕಾವೇರಿಗೇ ಸೇರೋ ನೀರು. ನಮ್ಮ ಗೂನುಬೆನ್ನಿನದೂ ಅದೇ ಮೀನು ಅಂತ ಗೊತ್ತಾಗಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರ್ತು. ಹೆಸರೂ ಸಾವಿನ ನೋಟಿಸೂ ಒಂದೇ ವರ್ಷ.

ಅಣೆಕಟ್ಟು, ಮರಳು, ಸಿಡಿಮದ್ದು, ಕೊಳಕು ನೀರು, ಎಲ್ಲಾ ಕಾರಣ ಇವೆ. ಆದ್ರೆ ನನಗೆ ನುಂಗೋಕಾಗದೇ ಇರೋದು ಒಳ್ಳೇ ಮನಸ್ಸಿನಿಂದ ತಂದು ಬಿಟ್ಟ ಆ ಮರಿಗಳು.

ಭಾಗ 4

ಸರಿ, ರೂಟ್. ಭೀಮೇಶ್ವರಿ, ಗಾಳಿಬೋರೆ ಪಿನ್ ತೆಗೀರಿ. ಅದು ಕಾವೇರಿ ವನ್ಯಜೀವಿಧಾಮ, ಅಲ್ಲಿ ಗಾಳ ಹಾಕೋ ಹಾಗಿಲ್ಲ. ಬರಿಗೈಲಿ ನದಿ ನೋಡೋಕೆ ಹೋಗಬಹುದು. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಹಾಕಿ ಮೀನು ನೋಡಿ, ಅಷ್ಟೇ. ಮಳೆಗಾಲ ಬೇಡ, ಮಹಶೀರ್ ಮೊಟ್ಟೆ ಇಡೋಕೆ ಮೇಲಕ್ಕೆ ಹತ್ತೋ ಕಾಲ.

ಗಾಳ ಹಾಕ್ಲೇಬೇಕು ಅಂದ್ರೆ ಕೆರೆ. ಕೆರೆಗಳನ್ನ ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿರ್ತಾರೆ, ಹಿಡಿದವರನ್ನ ಮೊದಲು ಕೇಳಿ. ಅಲ್ಲಿ ಸಿಗೋ ಕಾಟ್ಲಾ, ರೋಹು ಗಂಗಾ ಕಡೆಯಿಂದ ಬಂದವು. ತಿಲಾಪಿಯಾ 1952ರಲ್ಲಿ ಇಂಡಿಯಾಕ್ಕೆ ತಂದ ಆಫ್ರಿಕಾದ ಮೀನು, ಈಗ ಎಲ್ಲಾ ಕಡೆ ತುಂಬ್ಕೊಂಡಿದೆ. ಅದನ್ನ ಎಷ್ಟು ಹಿಡಿದ್ರೂ ನನಗೇನೂ ಬೇಜಾರಿಲ್ಲ, ಫ್ರೈ ಮಾಡಿದ್ರಂತೂ ಇನ್ನೂ ಇಲ್ಲ. ನೀಲಿ ರೆಕ್ಕೆಯದಾಗಲಿ, ಅಕ್ವೇರಿಯಂ ಮೀನಾಗಲಿ, ಒಂದು ನೀರಿಂದ ತಂದು ಇನ್ನೊಂದಕ್ಕೆ ಬಿಡಬೇಡಿ, ಪುಣ್ಯ ಬರುತ್ತೆ ಅಂತ ಅಜ್ಜಿ ಹೇಳಿದ್ರೂ.

ದಾರ, ಕೊಕ್ಕೆ ನಾನು ತರ್ತೀನಿ. ರಾಗಿ ಹಿಟ್ಟು ಯಾರ ಮನೆಯಿಂದ ಅಂತ ಶುಕ್ರವಾರದೊಳಗೆ ಹೇಳಿ.

#ಕಾವೇರಿ #ಬಿಳಿಮೀನು #ಗಾಳ