ಅಮೆರಿಕದ ನಗರಸಭೆಗಳಲ್ಲಿ ಜನಾಂಗೀಯ ಪ್ರಾತಿನಿಧ್ಯ

ಅಮೆರಿಕದ ನಗರಸಭೆ, ಮೇಯರ್ ಹುದ್ದೆ, ಶಾಲಾ ಮಂಡಳಿಗಳು ಬಹುಕಾಲ ಬಿಳಿಯರ ಕೈಯಲ್ಲೇ ಇದ್ದವು. ಕಪ್ಪುವರ್ಣೀಯರು, ಲ್ಯಾಟಿನೊಗಳು (ಲ್ಯಾಟಿನ್ ಅಮೆರಿಕ ಮೂಲದವರು), ಏಷ್ಯಾ ಮೂಲದವರು ಸ್ಥಳೀಯ ಆಡಳಿತದಲ್ಲಿ ತಮ್ಮ ಪಾಲು ಪಡೆಯಲು ಅರವತ್ತು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಈ ಹೋರಾಟದ ದೊಡ್ಡ ಪಾಠ ಇಷ್ಟು: ಮತದಾನದ ಹಕ್ಕು ಸಿಕ್ಕಿದ ಮಾತ್ರಕ್ಕೆ ಕುರ್ಚಿ ಸಿಗುವುದಿಲ್ಲ. ಕ್ಷೇತ್ರದ ಗಡಿ ಎಲ್ಲಿ ಹಾಯುತ್ತದೆ, ಚುನಾವಣೆ ಯಾವ ತಿಂಗಳು ನಡೆಯುತ್ತದೆ ಎಂಬ ಸಣ್ಣ ವಿವರಗಳೇ ಅಲ್ಲಿ ಎಷ್ಟೋ ಊರುಗಳ ಹಣೆಬರಹ ಬರೆದಿವೆ.

1965ರ ಮಾರ್ಚ್‌ನಲ್ಲಿ ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು. ದೇಶವೇ ಅದನ್ನು ಟಿವಿಯಲ್ಲಿ ಕಂಡಿತು. ಅದೇ ವರ್ಷದ ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಎರಡೇ ವರ್ಷದಲ್ಲಿ, 1967ರ ನವೆಂಬರ್‌ನಲ್ಲಿ, ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಲ್ ಸ್ಟೋಕ್ಸ್, ಇಂಡಿಯಾನಾದ ಗೇರಿಯಲ್ಲಿ ರಿಚರ್ಡ್ ಹ್ಯಾಚರ್ ಎಂಬ ಕಪ್ಪುವರ್ಣೀಯರು ಮೇಯರ್ ಆಗಿ ಆಯ್ಕೆಯಾದರು. ಸ್ಟೋಕ್ಸ್ ಸೋಲಿಸಿದ್ದು ಮಾಜಿ ಅಧ್ಯಕ್ಷ ವಿಲಿಯಂ ಟಾಫ್ಟ್‌ರ ಮೊಮ್ಮಗನನ್ನು. 1973ರಲ್ಲಿ ಲಾಸ್ ಏಂಜಲೀಸ್, ಡೆಟ್ರಾಯಿಟ್, ಅಟ್ಲಾಂಟಾ ಮೂರೂ ನಗರಗಳು ಮೊದಲ ಬಾರಿಗೆ ಕಪ್ಪುವರ್ಣೀಯ ಮೇಯರ್‌ಗಳನ್ನು ಆರಿಸಿದವು. ಅಟ್ಲಾಂಟಾದ ಮೇನಾರ್ಡ್ ಜಾಕ್ಸನ್, ಹೊಸ ವಿಮಾನ ನಿಲ್ದಾಣದ ಗುತ್ತಿಗೆಗಳಲ್ಲಿ ಶೇ 25ರಷ್ಟು ಅಲ್ಪಸಂಖ್ಯಾತರ ಕಂಪನಿಗಳಿಗೆ ಸಲ್ಲಬೇಕೆಂದು ಪಟ್ಟು ಹಿಡಿದರು. ವ್ಯಾಪಾರಿ ವಲಯದಿಂದ ಬಂದ ವಿರೋಧಕ್ಕೆ ಅವರು ಜಗ್ಗಲಿಲ್ಲ. 1980ರಲ್ಲಿ ನಿಲ್ದಾಣ ಸಿದ್ಧವಾಯಿತು. ಇಂದು ಅದರ ಹೆಸರಿನಲ್ಲಿ ಜಾಕ್ಸನ್‌ರ ಹೆಸರೂ ಇದೆ. ಮೇಯರ್ ಬದಲಾದರೆ ಊರಿನ ಹಣ ಹರಿಯುವ ದಾರಿಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ದಕ್ಷಿಣದ ಎಷ್ಟೋ ಊರುಗಳಲ್ಲಿ ಕಥೆ ಬೇರೆಯಿತ್ತು. ಅಲಬಾಮಾದ ಬಂದರು ನಗರ ಮೊಬೀಲ್‌ನಲ್ಲಿ 1911ರಿಂದ ಮೂವರು ಕಮಿಷನರ್‌ಗಳ ಆಡಳಿತ. ವಾರ್ಡುಗಳಿರಲಿಲ್ಲ; ಮೂವರನ್ನೂ ಇಡೀ ಊರೇ ಆರಿಸಬೇಕಿತ್ತು. ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಪ್ಪುವರ್ಣೀಯರಿದ್ದರೂ ಬಿಳಿಯರ ಬಹುಮತದೆದುರು ಅವರ ಅಭ್ಯರ್ಥಿ ಒಮ್ಮೆಯೂ ಗೆಲ್ಲಲಿಲ್ಲ. 1975ರಲ್ಲಿ ವೈಲಿ ಬೋಲ್ಡನ್ ಮತ್ತು ಸಂಗಡಿಗರು ಕೋರ್ಟಿಗೆ ಹೋದರು. 1980ರಲ್ಲಿ ಸುಪ್ರೀಂ ಕೋರ್ಟ್, ಫಲಿತಾಂಶ ತೋರಿಸಿದರೆ ಸಾಲದು, ಈ ಪದ್ಧತಿಯ ಹಿಂದೆ ತಾರತಮ್ಯದ ಉದ್ದೇಶ ಇತ್ತೆಂದು ರುಜುವಾತು ಮಾಡಿ ಎಂದಿತು. ಸತ್ತುಹೋದವರ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತು ಮಾಡುವುದು ಹೇಗೆ?

ಬೋಲ್ಡನ್ ಪರ ವಕೀಲರು ಅದನ್ನೂ ಮಾಡಿ ತೋರಿಸಿದರು. ಹಳೆಯ ಕಡತಗಳಲ್ಲಿ 1909ರ ಒಂದು ಪತ್ರ ಸಿಕ್ಕಿತು. ಅದನ್ನು ರಾಜ್ಯದ ಶಾಸಕಾಂಗಕ್ಕೆ ಬರೆದವರು ಊರಿನ ವಕೀಲ, ಮಾಜಿ ಸಂಸದ ಫ್ರೆಡರಿಕ್ ಬ್ರಾಂಬರ್ಗ್. ಕಪ್ಪುವರ್ಣೀಯರು ಅಧಿಕಾರಕ್ಕೆ ಬರದಂತೆ ಏರ್ಪಾಡಾಗಬೇಕು ಎಂಬ ಮಾತು ಅದರಲ್ಲಿ ಮುಚ್ಚುಮರೆಯಿಲ್ಲದೆ ಇತ್ತು. 1982ರಲ್ಲಿ ಕೆಳ ನ್ಯಾಯಾಲಯ ಬೋಲ್ಡನ್ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಅಮೆರಿಕದ ಸಂಸತ್ತು ಮತದಾನ ಹಕ್ಕು ಕಾಯ್ದೆಯ 2ನೇ ಸೆಕ್ಷನ್ ತಿದ್ದಿ, ಉದ್ದೇಶ ಏನೇ ಇರಲಿ, ಪರಿಣಾಮ ತಾರತಮ್ಯದ್ದಾಗಿದ್ದರೆ ಸಾಕು ಎಂದಿತು. 1985ರಲ್ಲಿ ಮೊಬೀಲ್ ಏಳು ವಾರ್ಡುಗಳ ಕೌನ್ಸಿಲ್ ಪದ್ಧತಿಗೆ ಬಂತು. ಮೊದಲ ಚುನಾವಣೆಯಲ್ಲೇ ಮೂವರು ಕಪ್ಪುವರ್ಣೀಯರು ಗೆದ್ದರು.

ನಮ್ಮ ಮೀಸಲಾತಿಗೆ ಇದನ್ನು ಹೋಲಿಸುವವರು ಒಂದು ವ್ಯತ್ಯಾಸ ಗಮನಿಸಬೇಕು. ಸಂವಿಧಾನದ 74ನೇ ತಿದ್ದುಪಡಿಯಂತೆ ಭಾರತದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ವಾರ್ಡನ್ನೇ ಮೀಸಲಿಡಲಾಗುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಯಾವ ವಾರ್ಡಿನಲ್ಲೂ ಯಾವ ಜನಾಂಗದವರೂ ನಿಲ್ಲಬಹುದು. ಒಂದೆಡೆ ಒತ್ತಾಗಿ ನೆಲೆಸಿರುವ ಸಮುದಾಯದ ಮತಗಳು ಚದುರಿಹೋಗದಂತೆ ಗಡಿ ಎಳೆಯುವುದೇ ಮುಖ್ಯ ಪರಿಹಾರ. ಹೀಗಾಗಿ ಊರಿನ ತುಂಬ ಹರಡಿಕೊಂಡಿರುವ ಸಮುದಾಯಗಳಿಗೆ ಇದರಿಂದ ಹೆಚ್ಚು ಲಾಭವಿಲ್ಲ. ಇದು ಈ ಮಾರ್ಗದ ನಿಜವಾದ ಮಿತಿ.

ಈ ಮಾರ್ಗ ಫಲ ಕೊಟ್ಟ ಇನ್ನೊಂದು ಊರು ವಾಷಿಂಗ್ಟನ್ ರಾಜ್ಯದ ಯಾಕಿಮಾ; ಅದು ಸೇಬಿನ ತೋಟಗಳ ಊರು. ತೋಟದಲ್ಲಿ, ಹಣ್ಣಿನ ಪ್ಯಾಕಿಂಗ್ ಶೆಡ್‌ಗಳಲ್ಲಿ ದುಡಿಯುವವರು ಬಹುಪಾಲು ಲ್ಯಾಟಿನೊಗಳು. ಜನಸಂಖ್ಯೆಯಲ್ಲಿ ಶೇ 40ರಷ್ಟಿದ್ದರೂ ಏಳು ಜನರ ಕೌನ್ಸಿಲ್‌ಗೆ ಅವರಲ್ಲಿ ಒಬ್ಬರೂ ಚುನಾಯಿತರಾಗಿರಲಿಲ್ಲ. 2014ರಲ್ಲಿ ಫೆಡರಲ್ ಕೋರ್ಟ್, ಇಡೀ ಊರೇ ಮತ ಹಾಕುವ ಅಲ್ಲಿನ ಪದ್ಧತಿ ಮತದಾನ ಹಕ್ಕು ಕಾಯ್ದೆಗೆ ವಿರುದ್ಧ ಎಂದಿತು; ಬಳಿಕ ಏಳು ಸ್ಥಾನಗಳಿಗೂ ವಾರ್ಡು ಮಾಡಲು ಆದೇಶಿಸಿತು. 2015ರ ನವೆಂಬರ್‌ನಲ್ಲಿ ಮೂವರು ಲ್ಯಾಟಿನಾ ಮಹಿಳೆಯರು ಒಟ್ಟಿಗೆ ಆಯ್ಕೆಯಾದರು. ಜನರೂ ಅವರೇ, ಊರೂ ಅದೇ; ಬದಲಾದದ್ದು ನಕ್ಷೆ.

ಹಾಗೆಂದು ವಾರ್ಡುಗಳೇ ಸರ್ವರೋಗಕ್ಕೂ ಮದ್ದಲ್ಲ. ಮಿಸೌರಿಯ ಫರ್ಗುಸನ್‌ನಲ್ಲಿ ವಾರ್ಡುಗಳಿದ್ದವು, ಮೂರನೇ ಎರಡು ಭಾಗ ಕಪ್ಪುವರ್ಣೀಯರೇ ಇದ್ದರು. ಆದರೂ 2014ರ ಆಗಸ್ಟ್‌ನಲ್ಲಿ ಮೈಕೆಲ್ ಬ್ರೌನ್ ಎಂಬ ತರುಣ ಪೊಲೀಸರ ಗುಂಡಿಗೆ ಬಲಿಯಾದಾಗ ಆರು ಸದಸ್ಯರ ಕೌನ್ಸಿಲ್‌ನಲ್ಲಿ ಕಪ್ಪುವರ್ಣೀಯರು ಒಬ್ಬರೇ. ಅಲ್ಲಿ ಸ್ಥಳೀಯ ಚುನಾವಣೆ ನಡೆಯುವುದು ಏಪ್ರಿಲ್‌ನಲ್ಲಿ, ಅಧ್ಯಕ್ಷೀಯ ಚುನಾವಣೆಯ ಭರಾಟೆ ಇಲ್ಲದ ಹೊತ್ತಿನಲ್ಲಿ. ಮತಗಟ್ಟೆಗೆ ಹೋಗುತ್ತಿದ್ದವರೇ ಬೆರಳೆಣಿಕೆಯಷ್ಟು. 2015ರ ಏಪ್ರಿಲ್‌ನಲ್ಲಿ ಮತದಾನ ದುಪ್ಪಟ್ಟಿಗೂ ಮೀರಿ ಏರಿತು, ಕೌನ್ಸಿಲ್‌ನ ಅರ್ಧದಷ್ಟು ಸ್ಥಾನ ಕಪ್ಪುವರ್ಣೀಯರದಾಯಿತು. ಅಂದು ಗೆದ್ದವರಲ್ಲಿ ಒಬ್ಬರಾದ ಎಲಾ ಜೋನ್ಸ್ 2020ರಲ್ಲಿ ಊರಿನ ಮೊದಲ ಕಪ್ಪುವರ್ಣೀಯ ಮೇಯರ್ ಆದರು.

ಗಳಿಸಿದ್ದು ಕೈಜಾರುವುದೂ ಉಂಟು. ಅಲಬಾಮಾದ ಶೆಲ್ಬಿ ಕೌಂಟಿಯ ಪುಟ್ಟ ಊರು ಕಲೇರಾ ತನ್ನ ವಾರ್ಡುಗಳ ಗಡಿ ಬದಲಿಸಿತು. ಕೌನ್ಸಿಲ್‌ನ ಏಕೈಕ ಕಪ್ಪುವರ್ಣೀಯ ಸದಸ್ಯ ಅರ್ನೆಸ್ಟ್ ಮಾಂಟ್‌ಗೊಮರಿ ಅವರ ವಾರ್ಡಿನಲ್ಲಿ ಕಪ್ಪುವರ್ಣೀಯ ಮತದಾರರ ಪಾಲು ಸುಮಾರು ಶೇ 70ರಿಂದ ಶೇ 30ಕ್ಕೆ ಇಳಿಯಿತು. 2008ರಲ್ಲಿ ಅವರು ಸೋತರು. ಆಗಿನ್ನೂ ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಪೂರ್ವಾನುಮತಿ ಪಡೆಯಬೇಕಿತ್ತು. ನ್ಯಾಯ ಇಲಾಖೆ ಒಪ್ಪಿಗೆ ನಿರಾಕರಿಸಿತ್ತು; ಹಾಗಾಗಿ ಮರುಚುನಾವಣೆ ನಡೆಯಿತು, ಮಾಂಟ್‌ಗೊಮರಿ ಮರಳಿ ಬಂದರು. ಇದೇ ಶೆಲ್ಬಿ ಕೌಂಟಿ ಪೂರ್ವಾನುಮತಿಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋಯಿತು. 2013ರ ಜೂನ್ 25ರಂದು ಸುಪ್ರೀಂ ಕೋರ್ಟ್, ಯಾವ ಪ್ರದೇಶಗಳಿಗೆ ಈ ನಿಯಮ ಅನ್ವಯಿಸಬೇಕೆಂಬ ಸೂತ್ರವನ್ನು 5–4ರ ಬಹುಮತದಿಂದ ರದ್ದುಮಾಡಿತು. ಆ ತೀರ್ಪಿನ ಬಳಿಕ ಕಲೇರಾದಂಥ ಊರು ಗಡಿ ಬದಲಿಸಿದರೆ ಮೊದಲೇ ತಡೆಯುವವರಿಲ್ಲ. ಅನ್ಯಾಯ ನಡೆದ ಮೇಲೆ ಜನರೇ ವಕೀಲರನ್ನು ಹಿಡಿದು, ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು.